ಬಾಣಂತಿಗೆ ಒಂದು ಚೊಂಬು ನೀರು

ನರ್ಸಮ್ಮನ ಎಡ ಹೆಗಲ ಮೇಲೆ ಒಂದು ಕುಳಿ ಇತ್ತು. ಕೂಸು ತೂಗುವ ತಕ್ಕಡಿಯ ಚೀಲ ಹೊತ್ತು ಹೊತ್ತು ಬಿದ್ದ ಕುಳಿ. ರವಿಕೆ ಅಲ್ಲೇ ಸವೆದು ಹರಿಯುತ್ತಿತ್ತು, ಅಲ್ಲೇ ತೇಪೆ ಹಾಕಿಕೊಳ್ಳುತ್ತಿದ್ದಳು. ದಾವಣಗೆರೆಯಿಂದ ಬಸ್ಸಿನಲ್ಲಿ ಹರಿಹರಕ್ಕೆ ಬಂದು ನಮ್ಮ ಓಣಿ ಸುತ್ತುತ್ತಿದ್ದಳು. ಬಾಣಂತಿ ಇರುವ ಮನೆಗೆ ಬಂದರೆ ಮೊದಲು ಕೂಸನ್ನು ನೋಡುತ್ತಿರಲಿಲ್ಲ. ಚಪ್ಪಲಿ ಬಿಟ್ಟವಳೇ ಸೀದಾ ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ಎತ್ತುತ್ತಿದ್ದಳು.

"ಕಳ್ಳಬೆಕ್ಕು ಬಂತು, ಹಾಲು ಮುಚ್ಚಿಡ್ರಿ" ಎಂದು ಪಕ್ಕದ ಮನೆಯವಳು ನಗುತ್ತಿದ್ದಳು.

"ಕೂಸಿನ ತೂಕ ಈ ಪಾತ್ರಿಯೊಳಗೈತೆ ಕಣವ್ವ" ಅನ್ನುತ್ತಿದ್ದಳು ನರ್ಸಮ್ಮ.

ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ನಲವತ್ತು ವರ್ಷ ಓಣಿಯ ಬಾಣಂತಿಯರಿಗೆ ಎಣ್ಣೆ ತಿಕ್ಕಿ ಮೈಗೆ ನೀರು ಹಾಕಿದವಳು ನಾನು. ಅವರು ಏನು ಉಣ್ಣಬೇಕು ಎಂಬುದು ನನ್ನ ಬಾಯಿಂದಲೇ ಬರಬೇಕಿತ್ತು. ಬಿಸಿ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಕೊಬ್ಬರಿ ಹಾಕಿದ ಅಂಟಿನುಂಡಿ. ಸೊಪ್ಪು, ಹಣ್ಣು ಮುಟ್ಟುವಂತಿಲ್ಲ. ನೀರು ದಿನಕ್ಕೆ ಎರಡೇ ಸಣ್ಣ ಲೋಟ. ಹೆಚ್ಚು ಕುಡಿದರೆ ಹೊಟ್ಟೆ ಜೋತುಬೀಳುತ್ತದೆ, ಕೂಸಿಗೆ ನೆಗಡಿಯಾಗುತ್ತದೆ. ಹಾಗಂತ ನಂಬಿದ್ದೆ, ಊರನ್ನೆಲ್ಲ ನಂಬಿಸಿದ್ದೆ.

ನನ್ನ ಸೊಸೆ ಹೆತ್ತಾಗ ಬೇಸಿಗೆ. ಆನಗೋಡಿನ ಹುಡುಗಿ, ಎದುರು ಮಾತಾಡುವವಳಲ್ಲ. ತವರಿನಲ್ಲಿ ತಾಯಿ ಇರಲಿಲ್ಲ, ಬಾಣಂತನ ನನ್ನದೇ. ಅವಳ ಕೋಣೆಯಿಂದ ನೀರಿನ ಬಿಂದಿಗೆ ತೆಗೆಸಿದ್ದೆ. ಹದಿನೈದು ದಿನಕ್ಕೆ ಕೂಸು ಎದೆ ಚೀಪಿ ಚೀಪಿ ಬಿಟ್ಟು ಅಳತೊಡಗಿತು. ಮಗ ಪುಡಿಹಾಲಿನ ಡಬ್ಬಿ, ಬಾಟಲಿ ತಂದಿಟ್ಟ.

ಅವತ್ತೇ ನರ್ಸಮ್ಮ ಬಂದಳು. ಕೂಸನ್ನು ತಕ್ಕಡಿಯ ಜೋಳಿಗೆಯಲ್ಲಿ ತೂಗಿದಳು. ಹುಟ್ಟಿದಾಗ ಇದ್ದದ್ದಕ್ಕಿಂತ ಕಡಿಮೆ. ಸೊಸೆಯ ತುಟಿ ನೋಡಿದಳು, ಒಡೆದಿತ್ತು.

"ಅಜ್ಜಿ, ನೀರು ಯಾಕ ಕೊಡವಲ್ರಿ?"

"ಐದು ಹೆತ್ತೀನಿ ನಾನು. ನೀ ಎಷ್ಟು ಹೆತ್ತೀಯ?"

"ಒಂದ. ಹೆತ್ತಿದ್ದು ಬಿಡ್ರಿ. ಇವತ್ತಿಂದ ನಿಮ್ಮ ತಾಟು ಆಕಿಗೆ, ಆಕಿ ತಾಟು ನಿಮಗೆ. ನೀರೂ ಅಷ್ಟ, ಎರಡು ಲೋಟ. ಮೂರು ದಿನ ತಡಕಂಡ್ರೆ ನಿಮ್ಮ ಅಡಿಗಿಮನಿಗೆ ಮತ್ತ ಕಾಲಿಡಲ್ಲ. ಕೂಸಿನ ತೂಕ ಏರದಿದ್ರೆ ಮಾತ್ರ ಸೀದಾ ದೊಡ್ಡಾಸ್ಪತ್ರಿಗೆ."

ಹಟಕ್ಕೆ ಒಪ್ಪಿದೆ. ಸೊಸೆ ನನ್ನ ತಾಟಿನ ಜೋಳದ ರೊಟ್ಟಿ, ಬೇಳೆ ಹಾಕಿದ ಮೆಂತ್ಯೆಸೊಪ್ಪಿನ ಪಲ್ಯ, ಬಾಳೆಹಣ್ಣು ತಿಂದಳು. ಕೂಸನ್ನು ಎದೆಗೆ ಹಾಕಿಕೊಂಡಾಗಲೆಲ್ಲ ಒಂದು ಲೋಟ ನೀರು. ನಾನು ಅವಳ ಪಥ್ಯ ಉಂಡೆ. ಮೊದಲ ದಿನ ಸಂಜೆಗೇ ನಾಲಿಗೆ ಅಂಗುಳಕ್ಕೆ ಅಂಟಿತು. ಎರಡನೇ ದಿನ ತಲೆ ಸಿಡಿಯಿತು, ಹೊಟ್ಟೆ ಕಲ್ಲಾಯಿತು. ನನ್ನ ಮೈಯಿಂದ ಹಾಲು ಕೇಳುವ ಕೂಸೂ ಇರಲಿಲ್ಲ, ಆದರೂ ಈ ಪಾಡು. ಮಧ್ಯಾಹ್ನ ಹಿತ್ತಲಿಗೆ ಹೋಗಿ ನಲ್ಲಿಗೆ ಬಾಯಿ ಇಟ್ಟೆ. ಕತ್ತೆತ್ತಿದರೆ ಕಿಟಕಿಯಲ್ಲಿ ಸೊಸೆ.

"ಕುಡೀರಿ ಅತ್ತಿ, ಯಾರಿಗೂ ಹೇಳಲ್ಲ. ನೀವು ತಲಿಮ್ಯಾಗ ಬಿಸಿನೀರು ಹುಯ್ಯುವಾಗ ಮುಖದ ಮ್ಯಾಲೆ ಇಳೀತಿತ್ತಲ್ಲ, ಅದನ್ನ ನಾನೂ ಕುಡೀತಿದ್ದೆ."

ನನಗೆ ಅಳು ಬರುವುದಿಲ್ಲ, ಅವತ್ತೂ ಬರಲಿಲ್ಲ. ಒಳಗೆ ಹೋಗಿ ಬಿಂದಿಗೆಯನ್ನು ಅವಳ ಮಂಚದ ಪಕ್ಕದಲ್ಲಿಟ್ಟೆ.

ಮೂರನೇ ದಿನ ತಕ್ಕಡಿಯ ಮುಳ್ಳು ಮುಂದಕ್ಕೆ ಹೋಯಿತು. ಪುಡಿಹಾಲಿನ ಡಬ್ಬಿ ಒಡೆಯದೆ ಅಂಗಡಿಗೆ ವಾಪಸಾಯಿತು. ಪಂದ್ಯ ಯಾರು ಗೆದ್ದರು ಎಂದು ನರ್ಸಮ್ಮ ಕೇಳಲಿಲ್ಲ. "ಅಂಟಿನುಂಡಿ ಬಿಡಬ್ಯಾಡ್ರಿ ಅಜ್ಜಿ, ಅದು ಚಲೋ. ಊಟಕ್ಕ ಸಬ್ಬಸಿಗಿ ಸೊಪ್ಪು ಸೇರಿಸ್ರಿ. ನಿಮ್ಮದು ಅರ್ಧ ಸರಿ ಐತೆ" ಎಂದಳು. ಉಳಿದರ್ಧವನ್ನು ಅವಳಿಂದ ಕಲಿತೆ. ಆಮೇಲೆ ನೀರು ಹಾಕಲು ಹೋದ ಮನೆಯಲ್ಲೆಲ್ಲ ನಾನೂ ಮುಚ್ಚಳ ಎತ್ತಿದೆ. ಬೈಸಿಕೊಂಡೆ, ಬಿಡಲಿಲ್ಲ. ಆ ಕೂಸು ಈಗ ಸ್ಕೂಲಿಗೆ ಹೋಗುತ್ತದೆ.

ಹೋದ ವರ್ಷ ನರ್ಸಮ್ಮ ಎದೆ ಹಿಡಿದುಕೊಂಡವಳು ಏಳಲಿಲ್ಲ. ಸುದ್ದಿ ಕೇಳಿ ದಾವಣಗೆರೆಯ ಬಸ್ಸು ಹತ್ತಿದೆ. ಸಣ್ಣ ಮನೆ, ತುಂಬ ಜನ. ಅವಳ ಒಬ್ಬಳೇ ಮಗಳು ಹೆತ್ತು ಇಪ್ಪತ್ತು ದಿನ. ಹೆಣ ಎತ್ತುವವರೆಗೆ ಒಲೆ ಹಚ್ಚುವಂತಿಲ್ಲ, ಯಾರೂ ಉಣ್ಣುವಂತಿಲ್ಲ. ಬೆಳಿಗ್ಗೆಯಿಂದ ಮಗಳು ಬರಿಹೊಟ್ಟೆಯಲ್ಲಿ ಅಳುತ್ತಿದ್ದಳು, ಮಡಿಲಲ್ಲಿ ಕೂಸೂ ಅಳುತ್ತಿತ್ತು.

ನಾನು ಎದುರು ಮನೆಯಲ್ಲಿ ಒಲೆ ಹಚ್ಚಿಸಿದೆ. ಬೇಳೆ, ಸೊಪ್ಪು ಕುದಿಸಿ, ರೊಟ್ಟಿ ಮುರಿದು ಕಲಸಿ, ಒಂದು ಚೊಂಬು ನೀರಿನ ಜೊತೆ ತಂದು ಮಗಳ ಮುಂದಿಟ್ಟೆ.

"ಏ ಮುದುಕಿ, ಬುದ್ಧಿ ಐತೇನು? ಹೆಣ ಇನ್ನೂ ಮನಿಯಾಗೈತೆ!" ಎಂದಳು ಅವರ ಬಳಗದ ಹಿರಿಯಳೊಬ್ಬಳು.

"ಐತೆ. ಆಕಿ ಎದ್ದು ಕುಂತ್ರೆ ಮೊದಲು ನಿಮ್ಮ ಖಾಲಿ ಪಾತ್ರಿ ಮುಚ್ಚಳ ಎತ್ತುತಿದ್ಲು" ಎಂದೆ.

ಮಗಳು ಚೊಂಬು ಎತ್ತಿ ಪೂರ್ತಿ ಕುಡಿದಳು. ಉಂಡಳು. ಕೂಸನ್ನು ಎದೆಗೆ ಹಾಕಿಕೊಂಡಳು. ಅದರ ಅಳು ನಿಂತ ಮೇಲೆ ನಾನು ಎದ್ದು ನರ್ಸಮ್ಮನ ಮುಖ ನೋಡಲು ಹೋದೆ.