ಅಕ್ಕ ಕಟ್ಟಿದ ಗೇಟು, ನಾನು ಕಿತ್ತ ವೈರು

ಅಕ್ಕನ ಬಲಗೈ ತೋರುಬೆರಳ ತುದಿಯಲ್ಲಿ ತೊಗರಿಬೇಳೆಯಷ್ಟು ದೊಡ್ಡ ಸುಟ್ಟ ಕಲೆ, ಸೋಲ್ಡರಿಂಗ್‌ನದು. ಆ ಬೆರಳು ಸೋಕಿದರೆ ಸಾಕು, ಕೆಟ್ಟ ಸರ್ಕ್ಯೂಟ್ ಸರಿಹೋಗುತ್ತದೆಂದು ಇಡೀ ಕ್ಲಾಸು ನಂಬಿತ್ತು. ಅದನ್ನು ತಾಳಲಾರದೆ ಆಕೆಯ ಗೇಟನ್ನು ನಾನೇ ಕೆಡಿಸಿದೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ಪಿಂಪ್ರಿಯ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಆರು ವರ್ಷ ದುಡಿದು, ಆಮೇಲೆ ನಮ್ಮ ಡಿಪ್ಲೊಮಾ ಕ್ಲಾಸಿಗೆ ಬಂದ ವಿಜಯಪುರದ ಹೆಣ್ಣುಮಗಳು. ಪ್ರಾಜೆಕ್ಟಿಗೆ ನನ್ನ ಜೋಡಿ. ಬೋರ್ಡಿನಲ್ಲಿ ಐಸಿ ಚಿಪ್ಪು ಕೂರಿಸುವ ಮುನ್ನ ಬಿಸಿ ಚಹಾಕ್ಕೆ ಊದುವ ಹಾಗೆ ಅದಕ್ಕೊಮ್ಮೆ ಊದುತ್ತಿದ್ದಳು. ಕ್ಯಾಂಟೀನಿನಲ್ಲಿ ಆಕೆಯ ಅಣಕ ಮಾಡಿ ನಾನು ವಡಾಪಾವ್ ಗಿಟ್ಟಿಸುತ್ತಿದ್ದೆ. ಒಮ್ಮೆ ಬೆನ್ನ ಹಿಂದೆ ನಿಂತು ಪೂರ್ತಿ ನೋಡಿದಳು. "ಏ ತಮ್ಮಾ, ನಾ ಇಷ್ಟು ಸಣ್ಣಗ ಮಾತಾಡಂಗಿಲ್ಲ. ಇನ್ನಷ್ಟು ಜೋರ್ ಮಾಡು!"

ನಮ್ಮದು ರೈಲ್ವೆ ಗೇಟಿನ ಮಾದರಿ. ಆಟಿಕೆ ರೈಲು ಸೆನ್ಸರ್ ದಾಟಿದೊಡನೆ ಲಾಜಿಕ್ ಸರ್ಕ್ಯೂಟು ಮೋಟಾರಿಗೆ ಅಪ್ಪಣೆ ಕೊಟ್ಟು ಗೇಟು ಇಳಿಸಬೇಕು, ರೈಲು ಹೋದಮೇಲೆ ಎತ್ತಬೇಕು. ಸರ್ಕ್ಯೂಟು ಅಕ್ಕನದು. ನನ್ನದು ಥರ್ಮಾಕೋಲು, ಹಸಿರು ಬಣ್ಣ ಮತ್ತು ಬಾಯಿ. ಚಿಂಚವಾಡದ ಕಾರ್ಖಾನೆಯೊಂದರ ಸಾಹೇಬರು, ಸೊಲ್ಲಾಪುರ ಕಡೆಯ ಕನ್ನಡದವರು, ನೋಡಲು ಬರುವವರಿದ್ದರು. ನಮ್ಮಿಬ್ಬರಲ್ಲಿ ಒಬ್ಬರನ್ನು ಅಪ್ರೆಂಟಿಸ್ ಆಗಿ ಆರಿಸಿಕೊಳ್ಳುತ್ತಾರಂತೆ. ಯಾರನ್ನು ಎಂಬುದು ಥರ್ಮಾಕೋಲಿಗೂ ಗೊತ್ತಿತ್ತು.

ಹೊಟ್ಟೆ ಉರಿಯಿತು. ಒಂದು ವೈರು ಕಿತ್ತಿಡುವುದು, ಗೇಟು ನಿಂತಾಗ ಸಾಹೇಬರೆದುರು ನಾನೇ ಸಿಕ್ಕಿಸಿ ಮೆರೆಯುವುದು: ಇದು ನನ್ನ ಘನ ಉಪಾಯ. ಅಕ್ಕ ಚಹಾಕ್ಕೆ ಹೋದಾಗ ಕಿತ್ತೆ. ಸಾಹೇಬರು ಬಂದರು, ಅಕ್ಕ ಸ್ವಿಚ್ ಹಾಕಿದಳು. ಆದರೆ ಗೇಟು ನಿಲ್ಲಲಿಲ್ಲ! ರೈಲಿಲ್ಲದೆಯೂ ಎದ್ದು ಬಿದ್ದು ಕುಣಿಯತೊಡಗಿತು. ಸಾಹೇಬರು ಕೈ ಚಾಚಿದರೆ ಇನ್ನೂ ಜೋರು. ವೈರು ಹಿಡಿದು ಠೀವಿಯಿಂದ ಮುಂದೆ ಬಂದೆ. ಬೋರ್ಡಿನ ಯಾವ ತೂತಿನಿಂದ ಕಿತ್ತದ್ದೆಂದು ಮರೆತುಹೋಗಿತ್ತು.

ಅಕ್ಕ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಐಸಿ ಕಾಲು ಖಾಲಿ ಬಿಟ್ಟರ ಹಿಂಗ ಕುಣೀತದ್ರಿ. ಒಂದೋ ಸೊನ್ನೆಯೋ, ಏನಾರ ಹೇಳಬೇಕು ಅದಕ್ಕ." ಸಿಕ್ಕಿಸಿದಳು, ಗೇಟು ತೆಪ್ಪಗಾಯಿತು.

ಸಾಹೇಬರು ನನ್ನತ್ತ ತಿರುಗಿದರು. "ವೈರ್ ನಿನ್ನ ಕೈಯಾಗ ಹ್ಯಾಂಗ ಬಂತೋ?"

ನನ್ನ ಗಂಟಲಲ್ಲಿ ಹತ್ತು ಜನರ ದನಿಗಳಿವೆ. ಅವನ್ನೆಲ್ಲ ಬಿಟ್ಟು ಥರ್ಮಾಕೋಲಿನ ಹಸಿರು ಬಣ್ಣ ಕೆರೆಯತೊಡಗಿದೆ.

ಇಂದು ಅದೇ ಕಾರ್ಖಾನೆಯಲ್ಲಿ ಆಕೆಯ ಕೈಕೆಳಗೆ ದುಡಿಯುತ್ತೇನೆ. ಹೊಟ್ಟೆ ಈಗಲೂ ಉರಿಯುತ್ತದೆ, ಸುಳ್ಳೇಕೆ ಹೇಳಲಿ. ಆದರೂ ನನ್ನ ಅನ್ನಕ್ಕೆ ದಾರಿ ಮಾಡಿದ್ದು ಅಂದು ನನ್ನ ಬದಲು ಆಕೆ ಕೊಟ್ಟ ಉತ್ತರ:

"ಸಾಹೇಬ್ರ, ಗೇಟ್ ಹ್ಯಾಂಗ ನಡೀತದ ಅಂತ ನಾ ತೋರಿಸಿದೆ, ಹ್ಯಾಂಗ ಕೆಡತದ ಅಂತ ಇಂವ ತೋರಿಸಿದ. ನಿಮ್ಮ ಕಾರ್ಖಾನ್ಯಾಗ ಎರಡೂ ಆಗತಾವಲ್ರಿ? ಇಬ್ಬರನ್ನೂ ಕರಕೊಳ್ರಿ!"