ಅಪ್ಪನ ಹೆಸರಿಗೆ ಹಾಕಿದ ಎಲೆ

ಪಿತೃಪಕ್ಷ ಬಂತೆಂದರೆ ಅಮ್ಮನಿಗೂ ನನಗೂ ಜಗಳ ಗ್ಯಾರಂಟಿ. ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಎಡೆ ಇಡುತ್ತೇವೆ. ತೀರಿಕೊಂಡವರ ಹೆಸರಿನಲ್ಲಿ ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಊದುಬತ್ತಿ ಹಚ್ಚಿ, ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಅಜ್ಜನಿಗೊಂದು, ಅಜ್ಜಿಗೊಂದು, ಎರಡು ಎಲೆ. "ಮೂರನೇದು ಹಾಕ್ಲಾ?" ಎಂದು ನಾನು ಕೇಳುತ್ತೇನೆ. "ಸುಮ್ನಿರು ಮಾರಾಯ್ತಿ" ಎನ್ನುತ್ತಾಳೆ ಅಮ್ಮ. ಅಲ್ಲಿಂದ ಶುರು.

ಮೂರನೆಯದು ಅಪ್ಪನದು. ಎಪ್ಪತ್ತೊಂದರ ಯುದ್ಧಕ್ಕೆ ಪಶ್ಚಿಮದ ಗಡಿಗೆ ಹೋದವರು ತಿರುಗಿ ಬರಲಿಲ್ಲ. ಸತ್ತರೆಂದು ಯಾರೂ ಹೇಳಲಿಲ್ಲ, ಕಾಣೆಯಾಗಿದ್ದಾರೆ ಎಂದು ಟೆಲಿಗ್ರಾಂ ಬಂತು. ಯುದ್ಧ ಮುಗಿದ ಮೇಲೆ ಜೊತೆಯ ಸಿಪಾಯಿಯೊಬ್ಬ ಕಾಗದ ಬರೆದಿದ್ದ. ಆ ಕಡೆಯವರು ಅಪ್ಪನನ್ನು ಹಿಡಿದು ನಡೆಸಿಕೊಂಡು ಹೋಗುವುದನ್ನು ದೂರದಿಂದ ಕಂಡೆ, ಅವರೇ ಇರಬೇಕು ಎಂದು. ಆ "ಇರಬೇಕು" ಅಮ್ಮನಿಗೆ ಸಾಕಾಯಿತು. ಆಗ ಅವಳಿಗೆ ಹತ್ತೊಂಬತ್ತು, ನಾನು ಹೊಟ್ಟೆಯಲ್ಲಿದ್ದೆ. ಅವರಿಬ್ಬರ ಸಂಸಾರ ಅಂದರೆ ಅಪ್ಪನ ಎರಡು ರಜೆ, ಅಷ್ಟೇ.

ಯುದ್ಧ ಕೈದಿಗಳ ಬಿಡುಗಡೆಯ ಸುದ್ದಿ ರೇಡಿಯೋದಲ್ಲಿ ಬಂದರೆ ಅಮ್ಮ ಒಲೆ ಬಿಟ್ಟು ಬಂದು ನಿಲ್ಲುತ್ತಿದ್ದಳು. ಆಮೇಲೆ ಟಿವಿ ಬಂತು, ಅದರ ಮುಂದೆಯೂ ನಿಂತಳು. ಗಡ್ಡ ಬಿಟ್ಟ ಮುದುಕರನ್ನು ಗಡಿಯಲ್ಲಿ ದಾಟಿಸುವಾಗ ಒಬ್ಬೊಬ್ಬರ ಮುಖವನ್ನೂ ದಿಟ್ಟಿಸುವಳು. ನನಗೆ ಸಿಟ್ಟು ಬಂದು ಟಿವಿ ಆರಿಸಿದ್ದೂ ಇದೆ. ಹಣೆಯ ಕುಂಕುಮ ಅವಳು ಬಿಡಲಿಲ್ಲ. ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೆಯುವಾಗ ಕೆಲವರು ನಮ್ಮ ಮನೆ ಬಿಟ್ಟು ಮುಂದಿನ ಮನೆಗೆ ಹೋಗುತ್ತಿದ್ದರು. ಅಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು, ಒಳಗೆ ಮಾತ್ರ ಬರುತ್ತಿರಲಿಲ್ಲ.

ನನ್ನ ಕಷ್ಟ ಬೇರೆ. ಶಾಲೆಗೆ ಸೇರಿಸಿದ ದಿನ ಹೆಡ್ಮಾಸ್ಟರು "ತಂದೆ ಇದ್ದಾರಾ?" ಎಂದು ಕೇಳಿದರು. ಅಮ್ಮ "ಇದ್ದಾರೆ" ಎಂದಳು, ಜೊತೆಗೆ ಬಂದ ಅಜ್ಜ ತಲೆ ತಗ್ಗಿಸಿದರು. ಈಗ ನಾನೇ ಮೂಡಿಗೆರೆಯಲ್ಲಿ ಟೀಚರು, ಐವತ್ತು ದಾಟಿದ್ದೇನೆ, ಮದುವೆಯಾಗಲಿಲ್ಲ. ಆ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ. ಅಪ್ಪನಿಲ್ಲದ ಮಕ್ಕಳಿಗೆ ಅಳುವುದಕ್ಕೆ ಒಂದು ದಿನವಾದರೂ ಇರುತ್ತದೆ, ನನಗೆ ಅದೂ ಇಲ್ಲ. ಇದನ್ನು ಅಮ್ಮನ ಮುಖಕ್ಕೇ ಹೇಳಿದ್ದೇನೆ.

ಊರಲ್ಲಿ ಮಾಜಿ ಸೈನಿಕರು ಪ್ರಾಣ ಕೊಟ್ಟವರ ಹೆಸರು ಕೆತ್ತಿಸಿ ಒಂದು ಕಲ್ಲು ನಿಲ್ಲಿಸಿದ್ದಾರೆ. ಅದರಲ್ಲಿ ಅಪ್ಪನ ಹೆಸರಿಲ್ಲ, ಅಮ್ಮ ಬಿಡಲಿಲ್ಲ. ಅವರಲ್ಲಿ ಒಬ್ಬರು ನಿವೃತ್ತ ಸುಬೇದಾರರು. ತೋಟದ ಕೆಲಸದ ನಡುವೆಯೂ ಜೀಪು ಹತ್ತಿ ಕಳಸ, ಹೊರನಾಡಿನ ಕಡೆಯ ಹಳ್ಳಿಗಳಲ್ಲೆಲ್ಲ ಅಲೆದು ಸೈನಿಕರ ಮನೆಗಳನ್ನು ಹುಡುಕಿದವರು. ಅಪ್ಪನನ್ನು ಕಂಡವರಲ್ಲ, ಆದರೂ ಅಮ್ಮನನ್ನು ಅತ್ತಿಗೆ ಎನ್ನುತ್ತಾರೆ, ನಾನು ಅವರನ್ನು ಚಿಕ್ಕಪ್ಪ ಎನ್ನುತ್ತೇನೆ. ಹೋದ ವರ್ಷ ಅವರು ಶಾಲೆಗೆ ಬಂದು, "ಸತ್ತೋರಿಗೆ ಕಲ್ಲಾಯ್ತು ಕಣಮ್ಮ. ಬರದೇ ಇದ್ದೋರಿಗೆ ನಾವು ಏನೂ ಮಾಡ್ಲಿಲ್ಲ" ಎಂದರು. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಹೊರದೇಶಕ್ಕೆ ಹೋಗಿದ್ದಾಗ ಅವರೊಂದು ಪದ್ಧತಿ ನೋಡಿದ್ದರಂತೆ. ಎಲ್ಲರೂ ಊಟಕ್ಕೆ ಕೂರುವಾಗ ಸಿಗದೇ ಹೋದ ಸೈನಿಕನಿಗೆ ಒಂದು ಮೇಜು, ಖಾಲಿ ಕುರ್ಚಿ, ಬೋರಲು ಹಾಕಿದ ಲೋಟ ಇಡುತ್ತಾರಂತೆ. ಅವನ ಜಾಗ ಇನ್ನೂ ಇದೆ ಎಂದು ಅರ್ಥ.

"ಡಿಸೆಂಬರಲ್ಲಿ ನಿಮ್ಮ ಶಾಲೆ ಹಾಲಲ್ಲೇ ಊಟ ಇಟ್ಕೊಳ್ಳೋಣ. ನಮ್ಗೆ ಮೇಜು ಗೀಜು ಯಾಕೆ? ಒಂದು ಎಲೆ ಹಾಕೋಣ" ಎಂದರು.

ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಕ್ಷಣವೇ ಹೊಳೆಯಿತು. ಹೊರದೇಶದಲ್ಲಿ ಖಾಲಿ ಜಾಗಕ್ಕೆ ಏನೇ ಅರ್ಥವಿರಲಿ, ನಮ್ಮಲ್ಲಿ ಆಳಿಲ್ಲದ ಎಲೆಗೆ ಅರ್ಥ ಒಂದೇ, ಸತ್ತವರ ಎಡೆ. ಪಾಪ, ಬದುಕಿನ ಬಹುಪಾಲು ಬ್ಯಾರಕ್ಕಿನಲ್ಲಿ ತಟ್ಟೆ ಹಿಡಿದು ಉಂಡ ಮನುಷ್ಯ, ಸುಬೇದಾರರ ತಲೆಗೆ ಅದು ಹೋಗಲಿಲ್ಲ. ನಾನು ಹೇಳಬೇಕಿತ್ತು. ಅದರ ಬದಲು, "ಎಲೆ ಖಾಲಿ ಬಿಡಬಾರ್ದು ಚಿಕ್ಕಪ್ಪ, ಬಡಿಸೋಣ" ಎಂದೆ. ಅಮ್ಮ ಇಡಲು ಬಿಡದ ಎಡೆಯನ್ನು ಊರೇ ಸೇರಿ ಇಟ್ಟುಬಿಡಲಿ, ಒಂದೇ ಒಂದು ಸಲ, ಸಾಕು ಎನಿಸಿತ್ತು.

ಕಾಫಿ ಹಣ್ಣು ಕೊಯ್ಲಿನ ದಿನಗಳು. ಆದರೂ ಆ ಮಧ್ಯಾಹ್ನ ಶಾಲೆಯ ಹಾಲ್ ತುಂಬಿತು. ನಾನು ಬೆಳಗ್ಗೆಯೇ ಮನೆಯಲ್ಲಿ ಎರಡು ಹಲಸಿನ ಹಪ್ಪಳ ಕರಿದು ಡಬ್ಬಿಯಲ್ಲಿ ಒಯ್ದಿದ್ದೆ. ಅಪ್ಪನಿಗೆ ಹಲಸಿನ ಹಪ್ಪಳ ಬಹಳ ಇಷ್ಟವಿತ್ತಂತೆ. ಅವರ ಬಗ್ಗೆ ನನಗೆ ಖಚಿತವಾಗಿ ಗೊತ್ತಿರುವುದು ಅದೊಂದೇ, ಅದೂ ಅಮ್ಮನ ಬಾಯಿಂದ. ಸಾಲಿನ ತುದಿಯಲ್ಲಿ ಬೇರೆಯಾಗಿ ಎಲೆ ಹಾಕಿದರು. ಸುಬೇದಾರರು ಕೈಯಾರೆ ಲೋಟ ಬೋರಲು ಹಾಕಿದರು. ಪಲ್ಯ, ಕೋಸಂಬರಿ, ಅನ್ನ, ಪಾಯಸ ಬಡಿಸಿದ ಮೇಲೆ ಹಪ್ಪಳ ನಾನಿಟ್ಟೆ. ಅಡುಗೆಗೆ ಬಂದ ಹೆಂಗಸೊಬ್ಬಳು ಯಾರೂ ಹೇಳದೆಯೇ ಬಂದು ಊದುಬತ್ತಿ ಹಚ್ಚಿ ಎಲೆಯ ಪಕ್ಕ ಸಿಕ್ಕಿಸಿ, ಕೈಮುಗಿದು ಹೋದಳು. ಅವಳದೇನೂ ತಪ್ಪಿಲ್ಲ.

ಅಮ್ಮನನ್ನು ಸುಬೇದಾರರ ಮನೆಯವರು ಜೀಪಿನಲ್ಲಿ ಕರೆತಂದರು. ಹಸಿರು ರೇಷ್ಮೆ ಸೀರೆ, ಕೈತುಂಬ ಬಳೆ. ಗಂಡನಿಗೆ ಮರ್ಯಾದೆ ಮಾಡುತ್ತಾರೆಂದು ಎರಡು ದಿನದಿಂದ ಸಂಭ್ರಮದಲ್ಲಿದ್ದಳು. ಒಳಗೆ ಬಂದವಳು ಎಲ್ಲರಿಗೂ ನಮಸ್ಕಾರ ಮಾಡುತ್ತಾ ಸಾಲಿನ ತುದಿಗೆ ಬಂದಳು. ಎಲೆ ನೋಡಿದಳು, ಊದುಬತ್ತಿ ನೋಡಿದಳು. ಆಮೇಲೆ ಹಪ್ಪಳ ನೋಡಿದಳು. ಉಳಿದ ಯಾವ ಎಲೆಯಲ್ಲೂ ಹಲಸಿನ ಹಪ್ಪಳವಿರಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಬೈಗುಳ ತಿಂದಿದ್ದೇನೆ, ಏಟೂ ತಿಂದಿದ್ದೇನೆ, ಆದರೆ ಆ ನೋಟದ ಮುಂದೆ ನಿಲ್ಲುವುದಕ್ಕೆ ನನ್ನಿಂದ ಆಗಲಿಲ್ಲ.

"ಯಾರಿಗೆ ಇದು?" ಎಂದಳು.

"ಅಣ್ಣನ ಗೌರವಕ್ಕೆ ಅತ್ತಿಗೆ, ಅವ್ರ ಜಾಗ ಅಂತ..." ಎಂದ ಸುಬೇದಾರರು ಅಷ್ಟರಲ್ಲೇ ನಿಲ್ಲಿಸಿದರು. ಏನು ಮಾಡಿಬಿಟ್ಟೆವು ಎಂದು ಆಗ ಅವರಿಗೆ ತಿಳಿದಿರಬೇಕು. "ತಪ್ಪಾಯ್ತು, ತೆಗಿಸ್ತೀನಿ" ಎಂದು ಬಗ್ಗಿದರು.

"ತೆಗಿಬೇಡಿ."

ಅಮ್ಮ ಊದುಬತ್ತಿ ಕಿತ್ತು ನೆಲಕ್ಕೆ ಒರೆಸಿ ಆರಿಸಿದಳು. ಮಂಡಿನೋವಿನವಳು, ಗೋಡೆ ಹಿಡಿದು ನಿಧಾನಕ್ಕೆ ಕೆಳಗೆ ಕೂತಳು. ಲೋಟ ಸರಿಯಾಗಿಟ್ಟು, "ನೀರು ಹಾಕಿ" ಎಂದಳು. ನಾನೇ ಹೋಗಿ ಹಾಕಿದೆ.

"ಎಡೆಗೆ ಇಟ್ಟ ಎಲೆ ಮುಂದೆ ಯಾರೂ ಕೂರಲ್ಲ. ನಾನು ಕೂತಿದೀನಿ, ಎಲ್ರೂ ನೋಡ್ಕೊಳ್ಳಿ. ನನ್ ಗಂಡನ ಎಲೇಲಿ ಉಣ್ಣೋಕೆ ನಂಗೆ ಹಕ್ಕಿದೆ" ಎಂದಳು.

ಗಂಡ ಉಂಡೆದ್ದ ಎಲೆಯಲ್ಲೇ ಹೆಂಡತಿ ಉಣ್ಣುವ ಪದ್ಧತಿ ಅವಳ ಕಾಲದಲ್ಲಿತ್ತು. ಆ ಎರಡು ರಜೆಗಳಲ್ಲಿ ತಾನೂ ಹಾಗೆ ಉಂಡಿದ್ದನ್ನು ಹೇಳುವಾಗಲೆಲ್ಲ ನಾನು ಮೂಗು ಮುರಿಯುತ್ತಿದ್ದೆ. ಅವಳು ಕಣ್ಣಲ್ಲಿ ಒಂದು ಹನಿ ನೀರಿಲ್ಲದೆ ಅನ್ನ ಕಲಸಿದಳು. ಸಕ್ಕರೆ ಕಾಯಿಲೆಯವಳು ಪಾಯಸವನ್ನೂ ಬಿಡಲಿಲ್ಲ. ಬಡಿಸಿದ್ದನ್ನೆಲ್ಲ ಉಂಡು ಮುಗಿಸಿದಳು, ಬಂದವರೆಲ್ಲ ಅವಳು ಉಣ್ಣುವುದನ್ನು ನೋಡುತ್ತ ನಿಂತಿದ್ದರು. ಹಪ್ಪಳ ಮಾತ್ರ ಮುಟ್ಟಲಿಲ್ಲ. ಎದ್ದು ಕೈ ತೊಳೆದು ಬಂದು, ಆ ಎರಡನ್ನೂ ನನ್ನ ಕೈಗಿಟ್ಟು, "ನೀನು ತಿನ್ನು" ಎಂದಳು.

ಮನೆಗೆ ಬಂದ ಮೇಲೆ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಮಾರನೆಯ ಬೆಳಗ್ಗೆ ತರಕಾರಿ ಹೆಚ್ಚುತ್ತಾ, ನನ್ನ ಮುಖ ನೋಡದೆ ಹೇಳಿದಳು: "ನಾನು ಹೋದ್ಮೇಲೆ ಇಡು. ನಂಗೂ ಅವ್ರಿಗೂ ಅಕ್ಕಪಕ್ಕ ಎಲೆ ಹಾಕು, ನಾನು ಬೇಡ ಅನ್ನಲ್ಲ. ಬರೋ ವರ್ಷನೇ ಇಡೋ ಹಂಗಾದ್ರೂ ಇಡು."

"ಏನ್ ಮಾತು ಅಂತ ಆಡ್ತೀಯಮ್ಮ" ಎಂದೆ.

"ನೀನು ಕೇಳ್ತಾ ಇರೋದು ಅದನ್ನೇ ಅಲ್ವಾ?" ಎಂದಳು. ಸಿಟ್ಟಿನಿಂದ ಅಲ್ಲ, ಪಾಠ ಒಪ್ಪಿಸಿದ ಮಕ್ಕಳನ್ನು ನಾನು ಕೇಳುವ ಹಾಗೆ ಕೇಳಿದಳು.

ಈ ವರ್ಷವೂ ಮಹಾಲಯ ಅಮಾವಾಸ್ಯೆ ಬಂತು. ನಾನು ಬಾಳೆಲೆ ಒರೆಸಿ ಅಜ್ಜನಿಗೊಂದು, ಅಜ್ಜಿಗೊಂದು ಹಾಕಿದೆ. ಅಮ್ಮ ಕಡುಬಿನ ಪಾತ್ರೆ ಹಿಡಿದುಕೊಂಡು ಬಂದು ಬಡಿಸದೆ ನಿಂತಳು.

"ಯಾಕೆ, ಈ ಸಲ ಕೇಳಲ್ವಾ?" ಎಂದಳು.

"ಇಲ್ಲಮ್ಮ" ಎಂದೆ.