ಕ್ಯಾಮೆರಾದ ಹಿಂದಿನ ದನಿ

ಬೀದಿಯವರೆಲ್ಲ ಅವಳನ್ನು ಎಡಿಟರಮ್ಮ ಎಂದೇ ಕರೆಯುತ್ತಿದ್ದರು. ಗಂಡ ಮದುವೆಗಳಲ್ಲಿ ವಿಡಿಯೋ ತೆಗೆದು ತರುವುದು, ಇವಳು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕೊಡುವುದು. ಸಂಸಾರ ನಡೆದದ್ದೇ ಹಾಗೆ. ಗಂಡನದು ಒಂದೇ ಕೆಟ್ಟ ಚಾಳಿ: ಕ್ಯಾಮೆರಾ ಹಿಡಿದಾಗ ಬಾಯಿ ಮುಚ್ಚುತ್ತಿರಲಿಲ್ಲ. "ಅಜ್ಜಿ, ಸ್ವಲ್ಪ ಈ ಕಡೆ ನೋಡಿ", "ಮಾವನೋರೇ, ಹೊಟ್ಟೆ ಒಳಗೆ ಎಳ್ಕೊಳ್ಳಿ, ಫ್ರೇಮಲ್ಲಿ ಹಿಡೀತಿಲ್ಲ" ಎಂದು ಬಂದವರನ್ನೆಲ್ಲ ಕಾಡುವುದು, ತನ್ನ ಜೋಕಿಗೆ ತಾನೇ ನಗುವುದು. ಅದನ್ನೆಲ್ಲ ಹೆಕ್ಕಿ ಹೆಕ್ಕಿ ತೆಗೆಯುವುದು ಇವಳ ಪಾಲಿನ ಕರ್ಮ. "ನಿನ್ನ ಬಾಯಿ ಮುಚ್ಚಿಸೋದಕ್ಕೇ ನನಗೆ ಅರ್ಧ ದಿನ ಹಿಡಿಯುತ್ತೆ" ಎಂದು ಬೈಯುತ್ತಿದ್ದಳು. "ಮನೇಲಂತೂ ಆಗಲ್ಲ, ಅಲ್ಲಾದರೂ ಮುಚ್ಚಿಸ್ಕೋ" ಎನ್ನುತ್ತಿದ್ದ ಆ ಪುಣ್ಯಾತ್ಮ.

ಅಂಥ ಮಾತಿನ ಮಲ್ಲ ಒಂದು ದಿನ ಬೈಕಿನಿಂದ ಬಿದ್ದು ಹೋಗಿಬಿಟ್ಟ. ಫೋನೂ ಅವನ ಜೊತೆಗೇ ಪುಡಿಯಾಯಿತು. ಹುಡುಕಿದರೆ ಅವನ ಫೋಟೋ ನಾಲ್ಕಾರು ಸಿಕ್ಕವು, ಅಷ್ಟೇ. ಊರಿನವರನ್ನೆಲ್ಲ ಹಿಡಿದವನನ್ನು ಹಿಡಿಯುವವರು ಯಾರಿದ್ದರು? ದನಿಯಂತೂ ಎಲ್ಲೂ ಇಲ್ಲ. ಪಕ್ಕದ ಕೋಣೆಯಿಂದ ಕೂಗುವವನು ಹೆಂಡತಿಗೆ ಫೋನಿನಲ್ಲಿ ದನಿ ಕಳಿಸುವುದಾದರೂ ಏಕೆ?

ಕೆಲವು ತಿಂಗಳು ಕಳೆದ ಮೇಲೆ, ತಲೆ ಬಾಚಿಸಿಕೊಳ್ಳುತ್ತಿದ್ದ ಮಗಳು, "ಅಮ್ಮ, ಅಪ್ಪ ಹೇಳಿದ್ದೆಲ್ಲ ನೆನಪಿದೆ. ದನಿ ಮಾತ್ರ ನೆನಪಾಗ್ತಿಲ್ಲ" ಎಂದಳು. ಆಗ ತಾಯಿಗೆ ಹಿಂದಿನ ಕೋಣೆಯ ಡಬ್ಬಿ ನೆನಪಾಯಿತು.

ಮೇಜಿನ ಕೆಳಗೆ ಎರಡು ಡಿಸ್ಕುಗಳ ಒಂದು ಕಪ್ಪು ಸ್ಟೋರೇಜ್ ಡಬ್ಬಿ ಇತ್ತು. ತೆಗೆದ ವಿಡಿಯೋ ಎಲ್ಲ ನೆಟ್‌ವರ್ಕ್ ವೈರಿನಲ್ಲಿ ಹೋಗಿ ಅದರೊಳಗೆ ಕೂರುತ್ತಿತ್ತು. ಗಿರಾಕಿಗೆ ಕೊಟ್ಟ ಮೇಲೆ ಕಚ್ಚಾ ವಿಡಿಯೋ ಅಳಿಸಿ, ಎಡಿಟ್ ಆದದ್ದನ್ನು ಮಾತ್ರ ಉಳಿಸಿಕೊಳ್ಳುವುದು ಇವರ ಪದ್ಧತಿ. ಆದರೆ ಗಂಡ ತೆಗೆದ ಕೊನೆಯ ಸೀಸನ್ನಿನ ಕಚ್ಚಾ ವಿಡಿಯೋ ಅಳಿಸಲು ಅವಳಿಗೆ ಮನಸ್ಸಾಗಿರಲಿಲ್ಲ. ಕತ್ತರಿ ಬೀಳದ ಗಂಡ ಅದರಲ್ಲಿದ್ದ. ಕೂಡಲೇ ಕೇಳುವ ಧೈರ್ಯ ಸಾಲದೆ, "ಭಾನುವಾರ ಕೇಳೋಣ ಪುಟ್ಟಿ" ಎಂದಳು. ಅಯ್ಯೋ, ಆ ದಿನವೇ ಕೇಳಬಾರದಿತ್ತೇ?

ಭಾನುವಾರ ನೋಡಿದರೆ ಫೈಲುಗಳ ಹೆಸರು ಕಾಣುತ್ತಿವೆ, ಒಂದೂ ತೆರೆಯುತ್ತಿಲ್ಲ. ಡಬ್ಬಿಯ ಮೇಲೆ ಕೆಂಪು ದೀಪ. ಒಳಗಿನಿಂದ ಕಟಕ್ ಕಟಕ್ ಎಂಬ ಸದ್ದು.

ಕಂಪ್ಯೂಟರ್ ರಿಪೇರಿ ಮಾಡುವ ಮೈದುನ ಕರೆದ ಕೂಡಲೇ ಬಂದ. "ಹೆದರ್ಕೋಬೇಡಿ ಅತ್ತಿಗೆ. ಎರಡು ಡಿಸ್ಕನ್ನೂ ಮಿರರ್ ಮಾಡಿರ್ತಾನೆ ಅಣ್ಣ. ಇದರಲ್ಲಿರೋದೆಲ್ಲ ಅದರಲ್ಲೂ ಇರುತ್ತೆ" ಎಂದು ಸಮಾಧಾನ ಹೇಳಿ, ಒಳಹೊಕ್ಕು ನೋಡಿದವನ ಮುಖ ಇಳಿದುಹೋಯಿತು. "ಜೋಡಿ ಬಿಡಿಸಿದಾನೆ."

ಅವಳಿಗೆ ಆಗ ನೆನಪಾಯಿತು. ಮದುವೆಗಳು ಒಂದರ ಮೇಲೊಂದು ಬಂದು ಜಾಗ ಸಾಲದಾದಾಗ, ಒಂದು ಡಿಸ್ಕಿನಲ್ಲಿ ಎಡಿಟ್ ಆದದ್ದು, ಇನ್ನೊಂದರಲ್ಲಿ ಕಚ್ಚಾ ವಿಡಿಯೋ ತುಂಬಿಸೋಣ ಎಂದಿದ್ದ. "ಸೀಸನ್ ಮುಗೀಲಿ, ಮತ್ತೆ ಜೋಡಿ ಮಾಡ್ತೀನಿ ಅಂದಿದ್ದ ನಿಮ್ಮಣ್ಣ" ಎಂದಳು. ಸೀಸನ್ ಮುಗಿಯುವವರೆಗೆ ಅವನೇ ಉಳಿಯಲಿಲ್ಲ.

ಮೈದುನ ಕೆಟ್ಟ ಡಿಸ್ಕನ್ನು ಹೊರತೆಗೆದು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. "ಇನ್ನೂ ಕುಟುಕು ಜೀವ ಇದೆ. ಆದರೆ ಓದಿದಷ್ಟೂ ಸಾಯುತ್ತೆ, ಪೂರ್ತಿ ಸಿಗೋದು ಅನುಮಾನ. ಮೊದಲು ಅಣ್ಣನದ್ದು ತೆಗೀತೀನಿ."

"ತಡಿ" ಎಂದಳು. ಅದೇ ಡಿಸ್ಕಿನಲ್ಲಿ, ಗಂಡ ಹೋದ ಮೇಲೆ ಬಾಡಿಗೆ ಕ್ಯಾಮೆರಾದವನಿಂದ ತೆಗೆಸಿದ ಒಂದು ಮದುವೆಯಿತ್ತು. ಎಡಿಟ್ ಇನ್ನೂ ಆಗಿರಲಿಲ್ಲ. ಮಗಳ ಮದುವೆ ನೋಡಿ ವಾರ ಕಳೆಯುವಷ್ಟರಲ್ಲಿ ಮದುಮಗಳ ತಾಯಿ ಕಣ್ಣು ಮುಚ್ಚಿದ್ದಳು. ಆ ಹುಡುಗಿ ಆಗಾಗ ಫೋನ್ ಮಾಡಿ, "ಅಕ್ಕಾ, ನಮ್ಮಮ್ಮ ಅದರಲ್ಲಿ ನಗ್ತಾಳಲ್ವಾ?" ಎಂದು ಕೇಳುತ್ತಿದ್ದಳು.

"ಮೊದಲು ಆ ಹುಡುಗಿ ಮದುವೆ ತೆಗಿ."

"ತಲೆ ನೆಟ್ಟಗಿದೆಯಾ ಅತ್ತಿಗೆ? ಅವನು ನನ್ನ ಅಣ್ಣ" ಎಂದು ಮೈದುನ ರೇಗಿದ.

"ಅದು ನಮ್ಮನ್ನ ನಂಬಿ ಕೊಟ್ಟ ಕೆಲಸ. ನಿಮ್ಮಣ್ಣ ಇದ್ದಿದ್ರೆ ಏನು ಮಾಡ್ತಿದ್ದ, ನೀನೇ ಹೇಳು."

ಅವನು ಆ ಮದುವೆಯ ಫೋಲ್ಡರಿಗೇ ಮೊದಲು ಕೈ ಹಾಕಿದ. ಮದುವೆ ಮನೆಯಲ್ಲಿ ಊಟಕ್ಕೂ ಕೂರದೆ, ಕ್ಯಾಮೆರಾದ ಕಾರ್ಡನ್ನು ಒಳಜೇಬಿನಲ್ಲಿಟ್ಟುಕೊಂಡು ಮೊದಲು ಮನೆ ಮುಟ್ಟಿಸುತ್ತಿದ್ದವನು ಅಣ್ಣ. ಬಾಗಿಲಲ್ಲಿ ಕೂತಿದ್ದ ಮಗಳು ಎಲ್ಲ ಕೇಳಿಸಿಕೊಂಡಳು. ಅವಳತ್ತ ನೋಡುವ ಧೈರ್ಯ ತಾಯಿಗಿರಲಿಲ್ಲ.

ಮದುವೆ ಪೂರ್ತಿ ಬಂತು. ಆಮೇಲೆ ಗಂಡನ ಫೋಲ್ಡರು. ಪರದೆಯ ಹಸಿರು ಪಟ್ಟಿ ಒಂದು ಚೂರು ಮುಂದೆ ಸರಿದು ನಿಂತಿತು. ಡಿಸ್ಕು ಕಟಕಟ ಎಂದು, ಕೀರಲು ಸದ್ದು ಮಾಡಿ, ಸುಮ್ಮನಾಯಿತು. ದೊಡ್ಡ ಲ್ಯಾಬಿಗೂ ಕಳಿಸಿ ನೋಡಿದರು. ಒಳಗಿನ ತಟ್ಟೆಯೇ ಗೀರಿಹೋಗಿದೆ, ಏನೂ ಬರುವುದಿಲ್ಲ ಎಂದು ವಾಪಸು ಬಂತು. ಆ ದಿನ ಅವಳು ಗಂಡ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತಳು.

ಮೈದುನ ಹೊಸ ಡಿಸ್ಕುಗಳನ್ನು ತಂದು ಹಾಕಿದ. ಎರಡನ್ನು ಮಿರರ್ ಮಾಡಿದ. "ಇದೂ ಸಾಲದು ಅತ್ತಿಗೆ. ಕೈತಪ್ಪಿ ಒಂದರಲ್ಲಿ ಅಳಿಸಿದ್ರೆ ಇನ್ನೊಂದರಲ್ಲೂ ಅಳಿಸಿಹೋಗುತ್ತೆ" ಎಂದು ಮೂರನೆಯ ನಕಲೊಂದನ್ನು ತನ್ನ ಮನೆಯಲ್ಲಿಡಲು ಒಯ್ದ. ಚೆನ್ನಾಗಿದ್ದ ಹಳೆಯ ಡಿಸ್ಕಿನಿಂದ ಎಡಿಟ್ ಆದ ಮದುವೆಗಳೆಲ್ಲ ಅಷ್ಟರಲ್ಲಿ ಹೊಸದಕ್ಕೆ ಬಂದಿದ್ದವು. ಯಾರ್‍ಯಾರದೋ ಅಜ್ಜಿಯರು, ಮಾವಂದಿರು, ಎಲ್ಲರೂ ಸುರಕ್ಷಿತ.

ಮಗಳು ಸ್ಕೂಲಿನಿಂದ ಬಂದವಳೇ ಹೆಡ್‌ಫೋನ್ ಹಾಕಿಕೊಂಡು ಆ ಮದುವೆಗಳನ್ನು ಒಂದೊಂದಾಗಿ ಕೇಳತೊಡಗಿದಳು. ಒಂದು ಸಂಜೆ ಮಗಳು ಹೆಡ್‌ಫೋನ್ ತೆಗೆದು, "ಎಲ್ಲೂ ಇಲ್ಲಮ್ಮ" ಎಂದಳು. "ಇಲ್ಲಿ ಒಂದು ಕಡೆ ಉಸಿರು ಎಳ್ಕೊಳ್ಳೋದು ಕೇಳುತ್ತೆ. ಮಾತು ಶುರುವಾಗೋ ಮೊದಲೇ ಕಟ್ ಆಗಿದೆ. ನೀನು ಎಷ್ಟು ನೀಟಾಗಿ ಮಾಡಿದೀಯ." ಮಗು ನಿಜವಾಗಿಯೂ ಹೊಗಳಿಯೇ ಹೇಳಿದ್ದು.

ಎಡಿಟರಮ್ಮ ಪಕ್ಕದಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡಳು. ಹೌದು, ಅವನದೇ ಉಸಿರು. ಹಿಂದೆ ಸರಿಸಿ ಮತ್ತೆ ಕೇಳಿದಳು, ಮತ್ತೂ ಕೇಳಿದಳು. ಅದರ ಮುಂದೆ ಅವನು ಏನಂದಿದ್ದನೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅದನ್ನು ಕೇಳಿ, ಬೈದು, ಕತ್ತರಿಸಿ ಹಾಕಿದವಳು ಅವಳೇ.